ಒಬ್ಬಳ ಮಾತಿನ ತೂಕ

1872ರ ಭಾರತೀಯ ಸಾಕ್ಷ್ಯ ಅಧಿನಿಯಮದ 134ನೆಯ ಕಲಮು ಒಂದೇ ವಾಕ್ಯದಷ್ಟಿತ್ತು. ಯಾವ ಮೊಕದ್ದಮೆಯಲ್ಲಿಯೇ ಆಗಲಿ, ಯಾವ ಸಂಗತಿಯನ್ನು ರುಜುವಾತುಪಡಿಸುವುದಕ್ಕೂ ಇಂತಿಷ್ಟೇ ಮಂದಿ ಸಾಕ್ಷಿಗಳು ಬೇಕೆಂಬ ನಿಯಮವಿಲ್ಲ ಎಂಬುದು ಅದರ ತಾತ್ಪರ್ಯ. ಹೊಲದ ಬದುವಿನಲ್ಲಿ ನಡೆದ ಕೊಲೆಯನ್ನು ಕಂಡವನು ದನ ಕಾಯುವ ಹುಡುಗನೊಬ್ಬನೇ ಆಗಿದ್ದರೂ, ನಡುರಾತ್ರಿಯ ದರೋಡೆಯಲ್ಲಿ ಕಳ್ಳನ ಮುಖವನ್ನು ನೋಡಿದವಳು ಮನೆಯ ಮುದುಕಿಯೊಬ್ಬಳೇ ಆಗಿದ್ದರೂ, ಆ ಒಬ್ಬರ ಮಾತು ವಿಚಾರಣೆಯ ಒರೆಗಲ್ಲಿನ ಮೇಲೆ ನಿಂತು ನ್ಯಾಯಾಧೀಶರ ಮನಸ್ಸಿಗೆ ಸತ್ಯವೆಂದು ತೋರಿದಲ್ಲಿ ಅದರ ಆಧಾರದ ಮೇಲೆಯೇ ತೀರ್ಪು ಕೊಡಲು ಈ ನಾಡಿನ ಕಾನೂನು ಅಡ್ಡಬರುವುದಿಲ್ಲ. ಇಷ್ಟು ಉದಾರವಾದ ವಾಕ್ಯವು ಗ್ರಂಥದಲ್ಲಿ ಅಚ್ಚಾಗಿದ್ದ ಕಾಲದಲ್ಲಿಯೇ, ಒಂದು ಬಗೆಯ ಫಿರ್ಯಾದಿ ಮಾತ್ರ ಅದರ ಆಶ್ರಯವನ್ನು ಪಡೆಯಲಾರದೆ ಹೋದಳು. ತನ್ನ ಶರೀರದ ಮೇಲೆ ನಡೆದ ಅತ್ಯಾಚಾರವನ್ನು ತಾನೇ ಬಂದು ಹೇಳಿದ ಹೆಂಗಸಿನ ಮಾತು ನೂರು ವರ್ಷಗಳಿಗೂ ಮಿಕ್ಕು ಒಂದು ಸಾಕ್ಷಿಯೆಂದು ಎಣಿಕೆಗೆ ಬಂದರೂ ಪೂರ್ಣ ಸಾಕ್ಷಿಯೆಂದು ತೂಕಕ್ಕೆ ಬರಲಿಲ್ಲ. ಹೀಗೇಕೆ ಆಯಿತು, ಆ ತಕ್ಕಡಿಯ ಮುಳ್ಳು ಎಷ್ಟು ನಿಧಾನವಾಗಿ ನೇರಕ್ಕೆ ಬಂದಿತು ಎಂಬುದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ.

ಮೊದಲು ನಮ್ಮ ನೆಲದಿಂದಲೇ ಪ್ರಾರಂಭಿಸೋಣ. ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ರಾಜಧಾನಿಯಾಗಿದ್ದ ಕಲ್ಯಾಣದಲ್ಲಿ, ಇಂದಿಗೆ ಸುಮಾರು 900 ವರ್ಷಗಳ ಹಿಂದೆ, ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ ಮಿತಾಕ್ಷರಾ ಎಂಬ ವ್ಯಾಖ್ಯಾನವನ್ನು ರಚಿಸಿದನು. ಆ ಸ್ಮೃತಿಯ ವ್ಯವಹಾರಾಧ್ಯಾಯದಲ್ಲಿ ಸಾಕ್ಷಿಗಳನ್ನು ಕುರಿತ ನಿಯಮಗಳು ಸವಿಸ್ತಾರವಾಗಿವೆ. ಸಾಮಾನ್ಯ ವ್ಯಾಜ್ಯಗಳಲ್ಲಿ ಸಾಕ್ಷಿಗಳು ಮೂವರಿಗೆ ಕಡಿಮೆಯಿರಬಾರದು. ಸ್ತ್ರೀಯರು, ಬಾಲಕರು, ವೃದ್ಧರು, ಜೂಜುಗಾರರು, ಮತ್ತರು, ವೇಷಧಾರಿಗಳು, ಶತ್ರುಗಳು ಮುಂತಾದವರು ಸಾಕ್ಷಿಯಾಗಲು ಅರ್ಹರಲ್ಲ ಎಂದು ಅದು ಒಂದು ದೊಡ್ಡ ಪಟ್ಟಿಯನ್ನೇ ಕೊಡುತ್ತದೆ. ಆದರೆ ಆ ಪಟ್ಟಿ ಮುಗಿದೊಡನೆಯೇ ಬರುವ ಶ್ಲೋಕವು ಪರಸ್ತ್ರೀ ಸಂಗ್ರಹಣ, ಕಳ್ಳತನ, ಪಾರುಷ್ಯ, ಸಾಹಸ ಎಂಬ ನಾಲ್ಕು ಬಗೆಯ ವಿವಾದಗಳಲ್ಲಿ ಆ ನಿರ್ಬಂಧಗಳನ್ನು ಸಡಿಲಿಸಿ, ಯಾರು ಬೇಕಾದರೂ ಸಾಕ್ಷಿಯಾಗಬಹುದೆಂದು ವಿಧಿಸುತ್ತದೆ. ಸಾಲಪತ್ರವನ್ನು ಬರೆಯುವಾಗ ಯೋಗ್ಯರನ್ನು ಕರೆದು ಕೂರಿಸಿಕೊಳ್ಳಬಹುದು. ಪಾತಕವು ನಡೆಯುವಾಗ ಸಾಕ್ಷಿಗಳನ್ನು ಆರಿಸಿಕೊಳ್ಳುವ ಅವಕಾಶ ನೊಂದವರಿಗೆ ಎಲ್ಲಿದೆ? ಏಕಾಂತದಲ್ಲಿ ನಡೆಯುವ ಅಪರಾಧಕ್ಕೆ ಬಯಲಿನ ವ್ಯಾಜ್ಯದ ನಿಯಮ ಸಲ್ಲದೆಂಬ ವಿವೇಕ ಆ ಒಂದು ಶ್ಲೋಕದಲ್ಲಿ ಅಡಗಿದೆ.

ಅದೇ ಅಧ್ಯಾಯದಲ್ಲಿ ಇನ್ನೂ ಒಂದು ವಿಚಾರವುಂಟು. ನ್ಯಾಯಸಭೆಯಲ್ಲಿ ನಿಂತವನು ಒಂದೆಡೆ ನಿಲ್ಲದೆ ಅತ್ತಿತ್ತ ಸರಿಯುವುದು, ತುಟಿಯ ಅಂಚನ್ನು ನೆಕ್ಕುವುದು, ಅವನ ಹಣೆ ಬೆವರುವುದು, ಮುಖ ಬಣ್ಣಗೆಡುವುದು, ಮಾತು ತಡವರಿಸುವುದು ಇವೆಲ್ಲ ದುಷ್ಟತೆಯ ಚಿಹ್ನೆಗಳೆಂದು ಸ್ಮೃತಿಕಾರನು ಹೇಳುತ್ತಾನೆ. ಇಲ್ಲಿ ವಿಜ್ಞಾನೇಶ್ವರನು ತನ್ನ ವ್ಯಾಖ್ಯಾನದಲ್ಲಿ ಒಂದು ಎಚ್ಚರಿಕೆಯನ್ನು ಸೇರಿಸುತ್ತಾನೆ: ಈ ಚಿಹ್ನೆಗಳಿಂದ ದೋಷದ ಸಂಭಾವನೆ ಮಾತ್ರ ತೋರುತ್ತದೆಯೇ ಹೊರತು ದೋಷದ ನಿಶ್ಚಯವಾಗುವುದಿಲ್ಲ, ಏಕೆಂದರೆ ಸ್ವಭಾವದಿಂದಲೇ ಉಂಟಾದ ವಿಕಾರ ಯಾವುದು, ಸಂದರ್ಭದಿಂದ ಉಂಟಾದ ವಿಕಾರ ಯಾವುದು ಎಂದು ಬೇರ್ಪಡಿಸಿ ತಿಳಿಯುವುದು ಕಷ್ಟ. ಅಪರಿಚಿತ ಸಭೆಯ ನಡುವೆ ನಡುಗುವವರೆಲ್ಲ ಸುಳ್ಳರಲ್ಲ, ನಡುಗದವರೆಲ್ಲ ಸತ್ಯವಂತರಲ್ಲ ಎಂಬ ಈ ತಿಳಿವು ಕನ್ನಡ ನಾಡಿನ ಒಬ್ಬ ಪಂಡಿತನ ಲೇಖನಿಯಿಂದ 12ನೆಯ ಶತಮಾನದ ಸುಮಾರಿನಲ್ಲಿಯೇ ಹೊಮ್ಮಿತೆಂಬುದನ್ನು ನಾವು ನೆನಪಿನಲ್ಲಿಟ್ಟುಕೊಳ್ಳತಕ್ಕದ್ದು.

ಹಾಗೆಂದು ಹಿಂದಿನ ಕಾಲವನ್ನು ಹೊಗಳಿ ಸುಮ್ಮನಾಗುವುದು ಸತ್ಯಕ್ಕೆ ಅಪಚಾರವಾದೀತು. ಸ್ಮೃತಿಗಳು ಸಂಗ್ರಹಣವೆಂದು ಕರೆದದ್ದು ಬಹುಮಟ್ಟಿಗೆ ಪತಿಯ ಮತ್ತು ಕುಲದ ಹಕ್ಕಿಗೆ ಒದಗಿದ ಚ್ಯುತಿಯನ್ನು. ಬಲದಿಂದ ನಡೆದದ್ದು, ವಂಚನೆಯಿಂದ ನಡೆದದ್ದು, ಅನುರಾಗದಿಂದ ನಡೆದದ್ದು ಎಂದು ಬೃಹಸ್ಪತಿಯು ಮೂರು ಭೇದಗಳನ್ನು ಎಣಿಸಿದರೂ ಆ ಮೂರೂ ಒಂದೇ ತಲೆಬರಹದ ಕೆಳಗೆ ಕುಳಿತಿದ್ದವು. ದಂಡನೆಯ ಪ್ರಮಾಣವು ವರ್ಣವನ್ನು ನೋಡಿ ಏರಿಳಿಯುತ್ತಿತ್ತು. ಮಾನುಷ ಪ್ರಮಾಣ ಸಿಗದೆ ಹೋದಾಗ ತುಲೆ, ಅಗ್ನಿ, ಜಲ, ವಿಷ, ಕೋಶ ಎಂಬ ದಿವ್ಯಗಳಿಗೆ ಮೊರೆಹೋಗುವುದಿತ್ತು. ಎಂದರೆ ಬಾಯಿ ಹೇಳಿದ್ದನ್ನು ನಂಬಲಾರದ ಸಭೆಯು ಶರೀರದಿಂದಲೇ ಉತ್ತರವನ್ನು ಹೊರಡಿಸಲು ಯತ್ನಿಸುತ್ತಿತ್ತು. ಮಾತನ್ನು ಬಿಟ್ಟು ಮೈಯನ್ನು ಪ್ರಶ್ನಿಸುವ ಈ ಪ್ರವೃತ್ತಿ ದಿವ್ಯಗಳೊಡನೆ ಅಳಿಯಲಿಲ್ಲ; ಮುಂದೆ ಅದು ಬೇರೆ ವೇಷದಲ್ಲಿ ಬಂದಿತು.

ಇನ್ನು ನಮ್ಮ ಇಂದಿನ ನ್ಯಾಯಾಲಯಗಳ ಪದ್ಧತಿ ಹುಟ್ಟಿದ ಇಂಗ್ಲೆಂಡಿನತ್ತ ನೋಡೋಣ. 13ನೆಯ ಶತಮಾನದ ನ್ಯಾಯಗ್ರಂಥವೆಂದು ಪ್ರಸಿದ್ಧವಾದ ಬ್ರ್ಯಾಕ್ಟನ್ನನ ಕೃತಿಯು ಅತ್ಯಾಚಾರಕ್ಕೊಳಗಾದ ಕನ್ಯೆಯ ಕರ್ತವ್ಯವೇನೆಂದು ವಿಧಿಸುತ್ತದೆ. ಅವಳು ಕೂಡಲೇ ಕೂಗುತ್ತ ಹತ್ತಿರದ ಹಳ್ಳಿಗಳಿಗೆ ಹೋಗಬೇಕು. ಮರ್ಯಾದಸ್ಥರಾದ ಗಂಡಸರಿಗೆ ತನ್ನ ಗಾಯವನ್ನೂ ರಕ್ತವನ್ನೂ ಹರಿದ ಉಡುಪನ್ನೂ ತೋರಿಸಬೇಕು. ಅಲ್ಲಿಂದ ರಾಜಾಧಿಕಾರಿಗಳಲ್ಲಿಗೆ ಹೋಗಿ ಅದನ್ನೇ ಹೇಳಬೇಕು. ಆ ಕಾಲದಲ್ಲಿ ಯಾವ ಘೋರಾಪರಾಧ ನಡೆದರೂ ಕೂಗಿ ಊರನ್ನು ಎಬ್ಬಿಸುವುದು ಎಲ್ಲರ ಕರ್ತವ್ಯವಾಗಿದ್ದುದರಿಂದ, ಆರಂಭದಲ್ಲಿ ಇದು ಹೆಂಗಸಿಗಾಗಿಯೇ ಮಾಡಿದ ವಿಶೇಷ ನಿಯಮವೇನೂ ಅಲ್ಲ. ಆದರೆ ಶತಮಾನಗಳು ಕಳೆದು, ಮಿಕ್ಕ ಅಪರಾಧಗಳಲ್ಲಿ ಆ ಕೂಗಿನ ಅಗತ್ಯ ಮರೆತುಹೋದ ಮೇಲೂ ಇದೊಂದರಲ್ಲಿ ಮಾತ್ರ ಅದು ಉಳಿದುಕೊಂಡಿತು. ಕೂಗಲಿಲ್ಲವೇಕೆ, ಓಡಲಿಲ್ಲವೇಕೆ, ಒಡನೆ ಹೇಳಲಿಲ್ಲವೇಕೆ, ಮೈಮೇಲೆ ಗಾಯವೇಕಿಲ್ಲ ಎಂಬ ನಾಲ್ಕು ಪ್ರಶ್ನೆಗಳಿಗೆ 700 ವರ್ಷಗಳ ಆಯುಸ್ಸು ಸಂದಿತು.

ಆ ಪ್ರಶ್ನೆಗಳನ್ನು ನ್ಯಾಯಶಾಸ್ತ್ರದ ಸೂತ್ರಗಳನ್ನಾಗಿ ಕಟ್ಟಿದವನು ಸರ್ ಮ್ಯಾಥ್ಯೂ ಹೇಲ್. 1676ರಲ್ಲಿ ತೀರಿಕೊಂಡ ಈ ಮುಖ್ಯ ನ್ಯಾಯಾಧೀಶನ ಗ್ರಂಥವು ಅಚ್ಚಾದದ್ದು 1736ರಲ್ಲಿ. ಫಿರ್ಯಾದಿಯು ಪ್ರಮಾಣ ಮಾಡಿ ಸಾಕ್ಷ್ಯ ನುಡಿಯಬಹುದು, ಆದರೆ ಅವಳನ್ನು ಎಷ್ಟರಮಟ್ಟಿಗೆ ನಂಬಬೇಕೆಂಬುದು ಸಂದರ್ಭಗಳನ್ನು ಅವಲಂಬಿಸಿದೆ ಎಂದು ಅವನು ಬರೆದನು. ಅವಳು ಒಳ್ಳೆಯ ಹೆಸರುಳ್ಳವಳಾಗಿದ್ದರೆ, ಒಡನೆಯೇ ಹೊರಗೆಡಹಿದ್ದರೆ, ಅಪರಾಧಿಯನ್ನು ಬೆನ್ನಟ್ಟಿದ್ದರೆ, ಗಾಯಗಳನ್ನು ತೋರಿಸಿದ್ದರೆ ಅವಳ ಮಾತಿಗೆ ಬಲ. ಬಹುಕಾಲ ಮುಚ್ಚಿಟ್ಟಿದ್ದರೆ, ಕೇಳುವವರಿದ್ದ ಎಡೆಯಲ್ಲಿ ಕೂಗದೆ ಇದ್ದರೆ ಅದು ಸುಳ್ಳೆಂಬ ಊಹೆಗೆ ಬಲ. ಇದರ ಜೊತೆಗೆ, ಈ ಆಪಾದನೆಯನ್ನು ಹೊರಿಸುವುದು ಸುಲಭ, ರುಜುವಾತುಪಡಿಸುವುದು ಕಷ್ಟ, ನಿರಪರಾಧಿಯಾದವನಿಗೂ ಅದನ್ನು ಎದುರಿಸುವುದು ಅದಕ್ಕಿಂತ ಕಷ್ಟ ಎಂಬರ್ಥದ ಅವನ ಮಾತು ಎಷ್ಟು ಪ್ರಚಾರ ಪಡೆಯಿತೆಂದರೆ, ಮುಂದಿನ ಎರಡು ಶತಮಾನಗಳಿಗೂ ಹೆಚ್ಚು ಕಾಲ ಇಂಗ್ಲಿಷ್ ಭಾಷೆಯ ನ್ಯಾಯಾಲಯಗಳಲ್ಲಿ ಜ್ಯೂರಿಗಳ ಕಿವಿಗೆ ಅದು ಮಂತ್ರದಂತೆ ಬೀಳುತ್ತ ಬಂದಿತು. ಇದೇ ಹೇಲ್ 1662ರಲ್ಲಿ ಬರಿ ಸೇಂಟ್ ಎಡ್ಮಂಡ್ಸ್ ಎಂಬ ಊರಿನಲ್ಲಿ ಇಬ್ಬರು ಹೆಂಗಸರ ಮೇಲಿನ ಮಾಟದ ಆಪಾದನೆಯನ್ನು ವಿಚಾರಿಸಿದ್ದನು; ಮಕ್ಕಳು ಗುಂಡುಸೂಜಿಗಳನ್ನು ಕಾರಿದರೆಂಬ ಸಾಕ್ಷ್ಯವನ್ನು ಕೇಳಿದ ಆ ನ್ಯಾಯಾಲಯವು ಆ ಇಬ್ಬರನ್ನೂ ಗಲ್ಲಿಗೇರಿಸಿತು. ಸುಲಭವಾಗಿ ಹೊರಿಸಬಹುದಾದ ಆಪಾದನೆ ಯಾವುದೆಂಬ ವಿವೇಚನೆ ಮಹಾಪಂಡಿತನಿಗೂ ತನ್ನ ಕಾಲದ ನಂಬಿಕೆಗಳನ್ನು ದಾಟಿ ಬರಲಿಲ್ಲ.

ಈ ಪರಂಪರೆಯನ್ನು ಬೆನ್ನಿಗೆ ಹೊತ್ತು 1869ರಲ್ಲಿ ಭಾರತಕ್ಕೆ ಬಂದವನು ವೈಸರಾಯನ ಮಂಡಲಿಯ ಕಾನೂನು ಸದಸ್ಯ ಜೇಮ್ಸ್ ಫಿಟ್ಜ್‌ಜೇಮ್ಸ್ ಸ್ಟೀಫನ್. ಸಾಕ್ಷ್ಯ ಅಧಿನಿಯಮವನ್ನು ರಚಿಸಿದವನು ಅವನೇ. ಸಾಕ್ಷಿಗಳ ಸಂಖ್ಯೆಯನ್ನು ಎಣಿಸಬೇಡಿ, ಮಾತನ್ನು ತೂಗಿರಿ ಎಂಬ 134ನೆಯ ಕಲಮೂ, ಪ್ರಶ್ನೆಯನ್ನು ಅರಿತು ಉತ್ತರಿಸಬಲ್ಲ ಯಾರೇ ಆದರೂ ಸಾಕ್ಷಿಯಾಗಬಹುದೆಂಬ 118ನೆಯ ಕಲಮೂ ಅವನ ಬುದ್ಧಿಯ ನಿರ್ಮಲತೆಗೆ ನಿದರ್ಶನಗಳು. ಆದರೆ ಅದೇ ಗ್ರಂಥದ 155ನೆಯ ಕಲಮಿನ ನಾಲ್ಕನೆಯ ಉಪಖಂಡದಲ್ಲಿ, ಅತ್ಯಾಚಾರದ ಮೊಕದ್ದಮೆ ನಡೆಯುವಾಗ ಫಿರ್ಯಾದಿಯು ಸಾಮಾನ್ಯವಾಗಿ ದುರ್ನಡತೆಯವಳೆಂದು ತೋರಿಸಿ ಅವಳ ವಿಶ್ವಾಸಾರ್ಹತೆಯನ್ನು ಅಲ್ಲಗಳೆಯಲು ಆಪಾದಿತನಿಗೆ ಅವಕಾಶವಿತ್ತು. ಕಳುವಾದ ಮನೆಯ ಯಜಮಾನನನ್ನು ನೀನು ದಾನಿಯೋ ಜಿಪುಣನೋ ಎಂದು ಕಾನೂನು ಕೇಳಲಿಲ್ಲ. ಈ ಒಬ್ಬಳನ್ನು ಮಾತ್ರ ನೀನು ಎಂಥವಳು ಎಂದು ಮೊದಲು ಕೇಳಿತು. 114ನೆಯ ಕಲಮಿನ ಒಂದು ದೃಷ್ಟಾಂತವು ಸಹಾಪರಾಧಿಯ ಮಾತಿಗೆ ಬೇರೆ ಬೆಂಬಲವಿಲ್ಲದಿದ್ದರೆ ಅದು ನಂಬಿಕೆಗೆ ಅರ್ಹವಲ್ಲವೆಂದು ಊಹಿಸಬಹುದು ಎನ್ನುತ್ತಿತ್ತು. ಕಳ್ಳನ ಜೊತೆಗಾರನಿಗಾಗಿ ಇಟ್ಟ ಆ ಎಚ್ಚರಿಕೆಯನ್ನು ನಮ್ಮ ನ್ಯಾಯಾಲಯಗಳು ಬಹುಕಾಲ ಅತ್ಯಾಚಾರಕ್ಕೊಳಗಾದವಳಿಗೂ ಅನ್ವಯಿಸಿದವು. ನೊಂದವಳನ್ನು ನೋಯಿಸಿದವನ ಪಾಲುಗಾರಳಂತೆ ಕಾಣುವುದೆಂದರೆ ಎಂಥ ಅನ್ಯಾಯವೆಂಬುದು ಹೇಳದೆಯೇ ತಿಳಿಯುವಂತಿದೆ.

ಕಾನೂನಿನ ಜೊತೆಗೆ ವೈದ್ಯಶಾಸ್ತ್ರವೂ ಸಾಕ್ಷಿಯಾಗಿ ಬಂದು ನಿಂತಿತು. ಬಂಗಾಳದಲ್ಲಿ ಸೇವೆಯಲ್ಲಿದ್ದ ವೈದ್ಯ ನಾರ್ಮನ್ ಚೆವರ್ಸ್ 1856ರಲ್ಲಿ ಪ್ರಕಟಿಸಿದ ನ್ಯಾಯವೈದ್ಯ ಗ್ರಂಥವು ಈ ದೇಶದಲ್ಲಿ ಸುಳ್ಳು ಆಪಾದನೆಗಳು ಹೇರಳವೆಂಬ ವಸಾಹತು ಅಧಿಕಾರಿಗಳ ನಂಬಿಕೆಗೆ ವೈದ್ಯಕೀಯದ ಮುದ್ರೆಯನ್ನು ಒತ್ತಿತು. 1920ರಲ್ಲಿ ಮೊದಲ ಮುದ್ರಣ ಕಂಡ ಜೈಸಿಂಗ್ ಮೋದಿಯವರ ಪಠ್ಯವು ತಲೆಮಾರುಗಳ ವೈದ್ಯ ವಿದ್ಯಾರ್ಥಿಗಳ, ವಕೀಲರ, ನ್ಯಾಯಾಧೀಶರ ಮೇಜಿನ ಮೇಲೆ ಕುಳಿತಿತು. ಹರಿದ ಬಟ್ಟೆಯನ್ನು ಊರ ಹಿರಿಯರಿಗೆ ತೋರಿಸುವ ಹಳೆಯ ಪದ್ಧತಿಯ ಜಾಗದಲ್ಲಿ ಈಗ ವೈದ್ಯರ ಪ್ರಮಾಣಪತ್ರ ಬಂದಿತು. ಅದರಲ್ಲಿ ಗಾಯದ ವಿವರವಿದ್ದರೆ ಉಪಕಾರವೇ ಆಗುತ್ತಿತ್ತು. ಆದರೆ ಅದರೊಡನೆ ಅವಳು ಲೈಂಗಿಕ ಸಂಪರ್ಕಕ್ಕೆ ಮೊದಲೇ ರೂಢಿಯಾದವಳೇ ಎಂದು ಬೆರಳುಗಳಿಂದ ಪರೀಕ್ಷಿಸಿ ಬರೆಯುವ ಪದ್ಧತಿಯೂ ಬೆಳೆಯಿತು. ಮೊಕದ್ದಮೆಯ ಪ್ರಶ್ನೆಗೂ ಆ ಉತ್ತರಕ್ಕೂ ಯಾವ ಸಂಬಂಧವೂ ಇರಲಿಲ್ಲ. ಆದರೂ ಆ ಒಂದು ಸಾಲು ವರದಿಯಲ್ಲಿ ಕಂಡರೆ ಪಾಟೀಸವಾಲಿಗೆ ನಿಂತ ವಕೀಲನಿಗೆ ಬೇರೆ ಆಯುಧ ಬೇಕಾಗುತ್ತಿರಲಿಲ್ಲ. ದಿವ್ಯಗಳು ಬೇರೆ ವೇಷದಲ್ಲಿ ಹಿಂದಿರುಗಿದುವೆಂದು ಮೇಲೆ ಹೇಳಿದ್ದು ಇದನ್ನೇ.

ಸ್ವಾತಂತ್ರ್ಯ ಬಂದ ನಾಲ್ಕು ವರ್ಷಗಳ ಮೇಲೆ, 1951ರ ಡಿಸೆಂಬರಿನಲ್ಲಿ, ಸರ್ವೋಚ್ಚ ನ್ಯಾಯಾಲಯದ ಮುಂದೆ ರಾಜಸ್ಥಾನದ ಒಂದು ಮೊಕದ್ದಮೆ ಬಂದಿತು. ನೊಂದವಳು ಎಂಟು ವರ್ಷದ ಬಾಲಿಕೆ. ಅವಳ ಮಾತು ನೈತಿಕವಾಗಿ ನಂಬಲು ಸಾಕು, ಕಾನೂನಿನ ದೃಷ್ಟಿಯಿಂದ ಶಿಕ್ಷೆ ವಿಧಿಸಲು ಸಾಲದು ಎಂದು ಕೆಳಗಿನ ಒಂದು ನ್ಯಾಯಾಲಯವು ಆಪಾದಿತನನ್ನು ಬಿಡುಗಡೆ ಮಾಡಿತ್ತು. ನಂಬಿದ ಮೇಲೂ ಶಿಕ್ಷಿಸಲಾಗದೆಂಬ ಈ ವಿಚಿತ್ರವಾದ ಸಂಕಟವನ್ನು ನ್ಯಾಯಮೂರ್ತಿ ವಿವಿಯನ್ ಬೋಸ್ ಅವರು ಬಿಡಿಸಿದ ಬಗೆ ಸ್ಮರಣೀಯವಾದದ್ದು. ಪೋಷಕ ಸಾಕ್ಷ್ಯವಿಲ್ಲದೆ ಶಿಕ್ಷೆ ಕೂಡದೆಂಬ ನಿಯಮ ಯಾವ ಕಲಮಿನಲ್ಲಿಯೂ ಇಲ್ಲ. ಇರುವುದು ವಿವೇಕದ ಒಂದು ಎಚ್ಚರಿಕೆ ಮಾತ್ರ. ಆ ಎಚ್ಚರಿಕೆಯು ನ್ಯಾಯಾಧೀಶರ ಮನಸ್ಸಿನಲ್ಲಿರಬೇಕು, ಇದ್ದು ಸಂದರ್ಭವು ಅನುಮತಿಸಿದರೆ ಅವರು ಒಬ್ಬಳ ಮಾತಿನ ಮೇಲೆಯೇ ನಿಲ್ಲಬಹುದು ಎಂದು ಅವರು ತೀರ್ಮಾನಿಸಿದರು. ಘಟನೆಯ ಬಳಿಕ ಮಗು ತನ್ನ ತಾಯಿಗೆ ಹೇಳಿದ ಮಾತನ್ನೂ ಪೋಷಕವೆಂದು ಎಣಿಸಬಹುದೆಂದರು. ಸಂಪೂರ್ಣ ಬಿಡುಗಡೆ ಇದಾಗಿರಲಿಲ್ಲ, ಸಂಶಯದ ನೆರಳು ಎಚ್ಚರಿಕೆಯ ಹೆಸರಿನಲ್ಲಿ ಇನ್ನೂ ಉಳಿದಿತ್ತು. ಆದರೂ ಇಂಗ್ಲೆಂಡಿನ ನ್ಯಾಯಾಧೀಶರು ಇಂಥ ಮೊಕದ್ದಮೆಗಳಲ್ಲಿ ಜ್ಯೂರಿಗೆ ಕೊಡಲೇಬೇಕಾಗಿದ್ದ ಕಡ್ಡಾಯ ಎಚ್ಚರಿಕೆಯನ್ನು ಅಲ್ಲಿಯ ಶಾಸನವು ರದ್ದುಗೊಳಿಸಿದ್ದು 1994ರಲ್ಲಿ ಎಂಬುದನ್ನು ನೆನೆದರೆ, ಬೋಸ್ ಅವರ ತೀರ್ಪಿನ ದೂರದೃಷ್ಟಿ ಅರ್ಥವಾದೀತು.

ಬಾಗಿಲು ತೆರೆದಿದ್ದರೂ ಅದರೊಳಗೆ ಎಲ್ಲರಿಗೂ ಪ್ರವೇಶ ದೊರೆಯಲಿಲ್ಲವೆಂಬುದಕ್ಕೆ ಮಹಾರಾಷ್ಟ್ರದ ಅಂದಿನ ಚಂದ್ರಾಪುರ ಜಿಲ್ಲೆಯ ದೇಸಾಯಿಗಂಜ್ ಠಾಣೆಯ ಮೊಕದ್ದಮೆಯೇ ನಿದರ್ಶನ. 1972ರ ಮಾರ್ಚ್ 26ರ ರಾತ್ರಿ, ತಂದೆತಾಯಿಗಳಿಲ್ಲದ, ಕೂಲಿ ಮಾಡಿ ಬದುಕುತ್ತಿದ್ದ ಒಬ್ಬ ಆದಿವಾಸಿ ಹುಡುಗಿಯನ್ನು ಠಾಣೆಯೊಳಗೆ ಇರಿಸಿಕೊಂಡು, ಅವಳ ಬಂಧುಗಳನ್ನು ಹೊರಗೆ ಕಳುಹಿಸಲಾಯಿತು. ಇಬ್ಬರು ಪೊಲೀಸರ ಮೇಲೆ ದೂರು ದಾಖಲಾಯಿತು. ಸೆಷನ್ಸ್ ನ್ಯಾಯಾಲಯವು 1974ರಲ್ಲಿ ಅವಳನ್ನು ಸುಳ್ಳುಗಾರ್ತಿಯೆಂದು ಕರೆದು, ಅವಳ ಪೂರ್ವಜೀವನವನ್ನು ಎತ್ತಿ ಹೇಳಿ, ಆಪಾದಿತರನ್ನು ಖುಲಾಸೆ ಮಾಡಿತು. 1976ರಲ್ಲಿ ಮುಂಬಯಿ ಉಚ್ಚ ನ್ಯಾಯಾಲಯದ ನಾಗಪುರ ಪೀಠವು ಆ ತೀರ್ಪನ್ನು ತಿರುಗಿಸಿ, ಭಯದಿಂದ ಸುಮ್ಮನಾಗುವುದು ಬೇರೆ, ಒಪ್ಪುವುದು ಬೇರೆ ಎಂದು ವಿವೇಚಿಸಿ ಶಿಕ್ಷೆ ವಿಧಿಸಿತು. 1978ರ ಸೆಪ್ಟೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಮೈಮೇಲೆ ಗಾಯಗಳಿಲ್ಲದಿರುವುದನ್ನೂ ಅವಳು ಪ್ರತಿಭಟಿಸಿದ ಗುರುತು ಕಾಣದಿರುವುದನ್ನೂ ಆಧಾರ ಮಾಡಿಕೊಂಡು ಮತ್ತೆ ಇಬ್ಬರನ್ನೂ ಬಿಡುಗಡೆ ಮಾಡಿತು. ಪೊಲೀಸ್ ಠಾಣೆಯ ನಾಲ್ಕು ಗೋಡೆಗಳ ನಡುವೆ, ರಾತ್ರಿಯ ಹೊತ್ತಿನಲ್ಲಿ, ರಕ್ಷಕನೇ ಭಕ್ಷಕನಾಗಿ ನಿಂತಾಗ, ಆ ಹುಡುಗಿ ಯಾರನ್ನು ಕೂಗಬೇಕಾಗಿತ್ತು?

ಈ ಪ್ರಶ್ನೆಯನ್ನು 1979ರ ಸೆಪ್ಟೆಂಬರ್ 16ರಂದು ನಾಲ್ವರು ಕಾನೂನು ಅಧ್ಯಾಪಕರು ಬಹಿರಂಗವಾಗಿ ಎತ್ತಿದರು. ಉಪೇಂದ್ರ ಬಕ್ಷಿ, ಲತಿಕಾ ಸರ್ಕಾರ್, ವಸುಧಾ ಧಾಗಮ್ವಾರ್, ರಘುನಾಥ ಕೇಳ್ಕರ್ ಇವರು ಭಾರತದ ಮುಖ್ಯ ನ್ಯಾಯಮೂರ್ತಿಗಳಿಗೆ ಬರೆದ ಬಹಿರಂಗ ಪತ್ರವು ನ್ಯಾಯಾಲಯದ ಗೌರವಕ್ಕೆ ಕುಂದಿಲ್ಲದ ಭಾಷೆಯಲ್ಲಿ, ಆದರೆ ಎಳ್ಳಷ್ಟೂ ಅಳುಕಿಲ್ಲದೆ, ವಶಳಾಗುವುದು ಸಮ್ಮತಿಯಲ್ಲವೆಂಬ ಸರಳ ಸತ್ಯವನ್ನು ನೆನಪಿಸಿತು. ಪತ್ರ ಬೀದಿಗೆ ಬಂದಿತು, ಸ್ತ್ರೀಯರ ಮೆರವಣಿಗೆಗಳು ಹೊರಟವು. 1980ರಲ್ಲಿ ಕಾನೂನು ಆಯೋಗವು ತನ್ನ 84ನೆಯ ವರದಿಯನ್ನು ಸಲ್ಲಿಸಿತು. ತೀರ್ಪು ಬದಲಾಗಲಿಲ್ಲ, ಕಾನೂನು ಬದಲಾಯಿತು. 1983ರ ತಿದ್ದುಪಡಿಯಿಂದ ಸಾಕ್ಷ್ಯ ಅಧಿನಿಯಮಕ್ಕೆ 114ಎ ಎಂಬ ಹೊಸ ಕಲಮು ಸೇರಿತು. ಠಾಣೆ, ಸೆರೆಮನೆ, ಆಸ್ಪತ್ರೆ ಮುಂತಾದ ವಶದಲ್ಲಿ ನಡೆದ ಅತ್ಯಾಚಾರದಲ್ಲಿ ಸಂಭೋಗವು ರುಜುವಾತಾಗಿ, ತಾನು ಸಮ್ಮತಿಸಲಿಲ್ಲವೆಂದು ಅವಳು ಸಾಕ್ಷ್ಯ ನುಡಿದರೆ, ಸಮ್ಮತಿ ಇರಲಿಲ್ಲವೆಂದೇ ನ್ಯಾಯಾಲಯವು ಭಾವಿಸತಕ್ಕದ್ದೆಂದು ಅದು ವಿಧಿಸಿತು. ವಿಚಾರಣೆಯು ಗೋಪ್ಯವಾಗಿ ನಡೆಯಬೇಕು, ನೊಂದವಳ ಹೆಸರನ್ನು ಪ್ರಕಟಿಸುವುದು ಶಿಕ್ಷಾರ್ಹ ಎಂಬ ನಿಯಮಗಳೂ ಅದೇ ವರ್ಷ ಬಂದವು. ದೇಸಾಯಿಗಂಜಿನ ಆ ಹುಡುಗಿಗೆ ಇದಾವುದೂ ಒದಗಲಿಲ್ಲ. ಅವಳ ಸೋಲಿನಿಂದ ಇತರರಿಗೆ ಒದಗಿತು.

ಅದೇ 1983ರಲ್ಲಿ ಗಾಂಧಿನಗರದ ಒಂದು ಮೊಕದ್ದಮೆಯ ತೀರ್ಪಿನಲ್ಲಿ ನ್ಯಾಯಮೂರ್ತಿ ಎಂ. ಪಿ. ಠಕ್ಕರ್ ಅವರು, ಪೋಷಕ ಸಾಕ್ಷ್ಯವಿಲ್ಲವೆಂಬ ಒಂದೇ ಕಾರಣಕ್ಕೆ ಬಾಲಕಿಯ ಮಾತನ್ನು ತಳ್ಳಿಹಾಕುವುದು ಗಾಯದ ಮೇಲೆ ಅವಮಾನವನ್ನು ಹೇರಿದಂತೆ ಎಂದು ಕಟುವಾಗಿ ನುಡಿದರು. ಸಾಕ್ಷಿಯ ನೆನಪು ಚಿತ್ರಪಟದಂತೆ ಸುರುಳಿ ಬಿಚ್ಚುವುದಿಲ್ಲ. ಗಂಟೆ, ಗಜ, ಅನುಕ್ರಮಗಳಲ್ಲಿ ಬರುವ ಚಿಕ್ಕಪುಟ್ಟ ವ್ಯತ್ಯಾಸಗಳು ಸುಳ್ಳಿನ ಲಕ್ಷಣಗಳಲ್ಲ. ನ್ಯಾಯಾಲಯದ ವಾತಾವರಣಕ್ಕೆ ಹೆದರಿಯೂ ಮಾತು ತೊಡರಬಹುದು ಎಂದು ಅವರು ವಿವರಿಸಿದ್ದನ್ನು ಓದುವಾಗ ಕಲ್ಯಾಣದ ವಿಜ್ಞಾನೇಶ್ವರನ ಎಚ್ಚರಿಕೆ ಬೇರೊಂದು ಭಾಷೆಯಲ್ಲಿ ಮರುಹುಟ್ಟು ಪಡೆದಂತೆ ತೋರುತ್ತದೆ. ಆದರೆ ಅದೇ ತೀರ್ಪಿನಲ್ಲಿ ಭಾರತೀಯ ಸ್ತ್ರೀಯು ಮಾನಕ್ಕೆ ಅಂಜುವವಳಾದ್ದರಿಂದ ಸುಳ್ಳು ದೂರು ಕೊಡಲಾರಳು ಎಂಬ ತರ್ಕವೂ ಇದೆ. ಸದುದ್ದೇಶದಿಂದಲೇ ಹೊರಟ ಈ ಮಾತಿನಲ್ಲಿ ಒಂದು ತೊಡಕಿದೆ. ಮಾನಕ್ಕೆ ಅಂಜುವಳೆಂದು ನಂಬಿದರೆ, ಹಾಗೆ ಅಂಜದೆ ತಲೆಯೆತ್ತಿ ನಡೆದವಳನ್ನು ನಂಬಬಾರದೆಂದಾಗುವುದಿಲ್ಲವೆ? ವಿಶ್ವಾಸಕ್ಕೆ ಆಧಾರ ಅವಳ ಮಾತಿನ ಗಟ್ಟಿತನವಾಗಬೇಕು, ಅವಳ ಲಜ್ಜೆಯಲ್ಲ. 1990ರಲ್ಲಿ ನ್ಯಾಯಮೂರ್ತಿ ಎ. ಎಂ. ಅಹ್ಮದಿಯವರು ಇದಕ್ಕಿಂತ ದೃಢವಾದ ನೆಲೆಯನ್ನು ಹಿಡಿದರು: ನೊಂದವಳು ಸಹಾಪರಾಧಿಯಲ್ಲ, ಗಾಯಗೊಂಡ ಸಾಕ್ಷಿ, ಗಾಯಗೊಂಡ ಸಾಕ್ಷಿಯ ಮಾತಿಗೆ ಸಲ್ಲುವ ಮನ್ನಣೆಯೇ ಅವಳ ಮಾತಿಗೂ ಸಲ್ಲಬೇಕು.

ಈ ತತ್ತ್ವವು ಜಿಲ್ಲಾ ನ್ಯಾಯಾಲಯದ ಕಟಕಟೆಯವರೆಗೆ ಇಳಿದು ಬರುವುದು ಎಷ್ಟು ಕಷ್ಟವೆಂಬುದನ್ನು ಪಂಜಾಬಿನ ಒಂದು ಮೊಕದ್ದಮೆ ತೋರಿಸಿತು. 1984ರ ಮಾರ್ಚಿನಲ್ಲಿ, ಹತ್ತನೆಯ ತರಗತಿಯ ಪರೀಕ್ಷೆ ಬರೆಯುತ್ತಿದ್ದ ಹಳ್ಳಿಯ ಹುಡುಗಿಯೊಬ್ಬಳನ್ನು ಕಾರಿನಲ್ಲಿ ಎತ್ತಿಕೊಂಡು ಹೋಗಲಾಯಿತು. ಮರುವರ್ಷ ವಿಚಾರಣಾ ನ್ಯಾಯಾಲಯವು ಆಪಾದಿತರನ್ನು ಖುಲಾಸೆ ಮಾಡುವಾಗ ಕೊಟ್ಟ ಕಾರಣಗಳಲ್ಲಿ, ಫಿಯಟ್, ಅಂಬಾಸಡರ್, ಮಾಸ್ಟರ್ ಕಾರುಗಳ ನಡುವಿನ ಭೇದವನ್ನು ಅವಳು ಹೇಳಲಾರಳೆಂಬುದೂ, ದಾರಿಯಲ್ಲಿ ಕೂಗಲಿಲ್ಲವೆಂಬುದೂ, ಮಾರನೆಯ ದಿನ ಅಧ್ಯಾಪಕಿಯರಿಗೆ ಗೆಳತಿಯರಿಗೆ ಹೇಳಲಿಲ್ಲವೆಂಬುದೂ, ದೂರು ತಡವಾಯಿತೆಂಬುದೂ ಇದ್ದವು. ತಡವಾದದ್ದೇಕೆಂದರೆ, ತಂದೆಯು ಮೊದಲು ಪಂಚಾಯಿತಿಯ ಮೊರೆಹೊಕ್ಕಿದ್ದನು. 1996ರ ಜನವರಿಯಲ್ಲಿ ನ್ಯಾಯಮೂರ್ತಿ ಎ. ಎಸ್. ಆನಂದ್ ಅವರು ಸರ್ವೋಚ್ಚ ನ್ಯಾಯಾಲಯದಿಂದ ಆ ಖುಲಾಸೆಯನ್ನು ರದ್ದುಗೊಳಿಸಿ, ಪ್ರಾಣಭಯದಲ್ಲಿದ್ದ ಹಳ್ಳಿಯ ಹುಡುಗಿ ಕಾರಿನ ಮಾದರಿಯನ್ನು ಗುರುತಿಸಬೇಕೆಂದು ಅಪೇಕ್ಷಿಸುವುದು ಎಷ್ಟು ಅಸಂಗತವೆಂದು ತೋರಿಸಿದರು. ಮಾನದ ಭಯದಿಂದ ದೂರು ತಡವಾಗುವುದು ಸಹಜ, ಪಾಟೀಸವಾಲು ಅವಳನ್ನು ಪೀಡಿಸುವ ಸಾಧನವಾಗಕೂಡದು, ಅದು ಮಿತಿ ಮೀರಿದಾಗ ನ್ಯಾಯಾಧೀಶನು ಮೂಕಪ್ರೇಕ್ಷಕನಂತೆ ಕುಳಿತಿರಕೂಡದು ಎಂಬ ಅವರ ಮಾತುಗಳು ಮುಂದಿನ ತೀರ್ಪುಗಳಿಗೆಲ್ಲ ದಾರಿದೀಪವಾದವು. ನ್ಯಾಯ ದೊರೆಯಿತು, ಸುಮಾರು ಹನ್ನೆರಡು ವರ್ಷಗಳ ಮೇಲೆ ದೊರೆಯಿತು.

ನಮ್ಮ ರಾಜ್ಯದಿಂದ ಹೋದ ಎರಡು ಮೊಕದ್ದಮೆಗಳೂ ಈ ಇತಿಹಾಸದಲ್ಲಿ ಸ್ಥಾನ ಪಡೆದಿವೆ. 2000ದಲ್ಲಿ ಕರ್ನಾಟಕ ರಾಜ್ಯದ ಒಂದು ಮೇಲ್ಮನವಿಯನ್ನು ತೀರ್ಮಾನಿಸುವಾಗ, ಪೊಲೀಸರ ಪತ್ರ ತರದೆ ಪರೀಕ್ಷಿಸುವುದಿಲ್ಲವೆಂದು ನೊಂದವಳನ್ನು ಹಿಂದಕ್ಕೆ ಕಳುಹಿಸುವ, ವಿಶೇಷವಾಗಿ ಗ್ರಾಮಾಂತರದ ಸರ್ಕಾರಿ ಆಸ್ಪತ್ರೆಗಳ ವೈದ್ಯರ ನಡತೆಯನ್ನು ಸರ್ವೋಚ್ಚ ನ್ಯಾಯಾಲಯವು ಖಂಡಿಸಿತು. ಠಾಣೆಗೆ ಹೋದರೆ ಆಸ್ಪತ್ರೆಗೆ ಹೋಗೆಂದು, ಆಸ್ಪತ್ರೆಗೆ ಹೋದರೆ ಠಾಣೆಗೆ ಹೋಗೆಂದು ಅಲೆಸಿದ ಆ ಹೊತ್ತಿನಲ್ಲಿ ಅಳಿದುಹೋಗುವ ಸಾಕ್ಷ್ಯದ ಕೊರತೆಯನ್ನು ಮುಂದೆ ಅವಳ ಮಾತಿನ ದೋಷವೆಂದೇ ಎಣಿಸಲಾಗುತ್ತಿತ್ತು. 2014ರ ಏಪ್ರಿಲಿನಲ್ಲಿ ಕರ್ನಾಟಕದ ಇನ್ನೊಂದು ಮೊಕದ್ದಮೆಯಲ್ಲಿ ಅದೇ ನ್ಯಾಯಾಲಯವು, ಅಪರಾಧದ ಸುದ್ದಿ ತಿಳಿದೊಡನೆ ತನಿಖಾಧಿಕಾರಿಯು ಸಂತ್ರಸ್ತೆಯನ್ನು, ಸಾಧ್ಯವಾದಷ್ಟೂ ಮಹಿಳಾ ಮ್ಯಾಜಿಸ್ಟ್ರೇಟರ ಬಳಿಗೆ ಕರೆದೊಯ್ದು ಹೇಳಿಕೆಯನ್ನು ದಾಖಲಿಸಬೇಕು, 24 ಗಂಟೆಗಳಿಗೂ ಮಿಕ್ಕಿ ತಡವಾದರೆ ಅದಕ್ಕೆ ಕಾರಣವನ್ನು ಬರೆದಿಡಬೇಕು ಎಂದು ನಿರ್ದೇಶಿಸಿತು. ತಡವಾದದ್ದಕ್ಕೆ ಉತ್ತರ ಹೇಳುವ ಹೊಣೆ ಹೀಗೆ ನೊಂದವಳ ಹೆಗಲಿನಿಂದ ಸ್ವಲ್ಪ ಇಳಿದು ಅಧಿಕಾರಿಯ ಹೆಗಲನ್ನೇರಿತು.

ಮಿಕ್ಕ ಬದಲಾವಣೆಗಳನ್ನು ಸಂಕ್ಷೇಪವಾಗಿ ಹೇಳಬಹುದು. ನಡತೆಯನ್ನು ಕೆದಕಲು ಎಡೆಗೊಟ್ಟಿದ್ದ 155ನೆಯ ಕಲಮಿನ ಉಪಖಂಡವು 2002ರ ತಿದ್ದುಪಡಿಯಿಂದ, ಎಂದರೆ ಹುಟ್ಟಿದ 130 ವರ್ಷಗಳ ಮೇಲೆ, ಗ್ರಂಥದಿಂದ ಕಳಚಿಬಿದ್ದಿತು. ನ್ಯಾಯಮೂರ್ತಿ ಜೆ. ಎಸ್. ವರ್ಮಾ ಸಮಿತಿಯ ವರದಿಯ ಬಳಿಕ ಬಂದ 2013ರ ಕಾನೂನು, ಶರೀರದಿಂದ ಪ್ರತಿಭಟಿಸಲಿಲ್ಲವೆಂಬ ಮಾತ್ರಕ್ಕೆ ಸಮ್ಮತಿಯಿತ್ತೆಂದು ಭಾವಿಸಕೂಡದೆಂದು ಸ್ಪಷ್ಟವಾಗಿ ಬರೆಯಿತು. ಬ್ರ್ಯಾಕ್ಟನ್ನನ ಕಾಲದ ಗಾಯದ ಪ್ರಶ್ನೆಗೆ ಉತ್ತರ ಅಂದು ದೊರೆಯಿತು. ಬೆರಳಿನ ಪರೀಕ್ಷೆಯು ಸ್ತ್ರೀಯ ಘನತೆಗೆ ವಿರುದ್ಧವಾದದ್ದೆಂದು 2013ರಲ್ಲಿಯೇ ಸರ್ವೋಚ್ಚ ನ್ಯಾಯಾಲಯವು ಹೇಳಿದ್ದರೂ ಅದು ಅಲ್ಲಲ್ಲಿ ನಡೆಯುತ್ತಲೇ ಇದ್ದುದರಿಂದ, 2022ರ ಅಕ್ಟೋಬರಿನಲ್ಲಿ ಅದನ್ನು ನಡೆಸುವವರು ದುರ್ವರ್ತನೆಯ ತಪ್ಪಿಗೆ ಗುರಿಯಾಗುವರೆಂದು ಮತ್ತೆ ಎಚ್ಚರಿಸಬೇಕಾಯಿತು.

ಈ ಬೆಳವಣಿಗೆಯನ್ನು ಕಂಡು, ಇನ್ನು ದೂರು ಕೊಟ್ಟವಳ ಮಾತೇ ವೇದವಾಯಿತಲ್ಲ, ನಿರಪರಾಧಿಯ ಗತಿಯೇನು ಎಂದು ಕೇಳುವವರುಂಟು. ಪ್ರಾಮಾಣಿಕವಾದ ಪ್ರಶ್ನೆಯಾದ್ದರಿಂದ ಅದಕ್ಕೆ ಉತ್ತರ ಕೊಡುವುದು ಕರ್ತವ್ಯ. ಆಪಾದಿತನು ನಿರ್ದೋಷಿಯೆಂಬ ಭಾವನೆಯಿಂದಲೇ ವಿಚಾರಣೆ ಆರಂಭವಾಗಬೇಕೆಂಬ ತತ್ತ್ವವು ಈಗಲೂ ನಿಂತಿದೆ. ಸುಳ್ಳು ಆಪಾದನೆಯು ಒಬ್ಬನ ಬಾಳನ್ನು ಸುಡಬಲ್ಲುದೆಂಬುದನ್ನು ಸರ್ವೋಚ್ಚ ನ್ಯಾಯಾಲಯವೇ ತನ್ನ ತೀರ್ಪುಗಳಲ್ಲಿ ಒಪ್ಪಿಕೊಂಡಿದೆ. ಒಬ್ಬಳ ಮಾತಿನ ಮೇಲೆಯೇ ಶಿಕ್ಷೆ ನಿಲ್ಲಬೇಕಾದರೆ ಆ ಮಾತು ಅಪ್ಪಟವಾಗಿರಬೇಕು, ಮೊದಲ ಹೇಳಿಕೆಯಿಂದ ಕೊನೆಯ ಪಾಟೀಸವಾಲಿನವರೆಗೆ ಅದರ ತಿರುಳು ಕದಲಬಾರದು, ಬೇರೆ ಸಾಕ್ಷ್ಯಗಳೊಡನೆ ಅದು ಹೊಂದಿಕೊಳ್ಳಬೇಕು ಎಂದು 2012ರ ದೆಹಲಿಯ ಮೊಕದ್ದಮೆಯೊಂದರಲ್ಲಿ ಆ ನ್ಯಾಯಾಲಯವು ವಿಧಿಸಿತು. ಅಂಥ ಸಾಕ್ಷ್ಯ ಇಲ್ಲದೆಡೆ ಸಂಶಯದ ಲಾಭ ಆಪಾದಿತನಿಗೇ ಸಲ್ಲುತ್ತದೆ. ಈ ದೀರ್ಘ ಹೋರಾಟದಲ್ಲಿ ಸ್ತ್ರೀಯು ಬೇಡಿದ್ದು ತನ್ನ ಮಾತನ್ನು ಪರೀಕ್ಷಿಸದೆ ನಂಬಬೇಕೆಂದಲ್ಲ. ಎಲ್ಲ ಸಾಕ್ಷಿಗಳ ಮಾತನ್ನು ಯಾವ ಒರೆಗಲ್ಲಿಗೆ ಉಜ್ಜುವಿರೋ ಅದೇ ಒರೆಗಲ್ಲಿಗೆ ತನ್ನ ಮಾತನ್ನೂ ಉಜ್ಜಿರಿ ಎಂದು ಮಾತ್ರ. ಹೇಳಿಕೆಯಲ್ಲಿ ವಿರೋಧವಿದೆಯೇ ಎಂದು ವಕೀಲನು ಕೇಳಲಿ. ಕತ್ತಲಲ್ಲಿ ಗುರುತು ಹಿಡಿದದ್ದು ಹೇಗೆ ಎಂದು ಕೇಳಲಿ. ಹಗೆತನವುಂಟೆ ಎಂದು ಕೇಳಲಿ. ಕೇಳಬಾರದಾದದ್ದು, ನೀನು ಎಂಥವಳು ಎಂಬ ಒಂದೇ ಪ್ರಶ್ನೆ.

ಆ ಪ್ರಶ್ನೆಯು ಗ್ರಂಥದಿಂದ ಹೋದಷ್ಟು ಬೇಗ ಮನಸ್ಸಿನಿಂದ ಹೋಗುವುದಿಲ್ಲವೆಂಬುದನ್ನು ನಮ್ಮ ಬೆಂಗಳೂರೇ ಕಂಡಿದೆ. 2020ರ ಜೂನ್ ತಿಂಗಳಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯದಿಂದ ಹೊರಟ ಒಂದು ಜಾಮೀನು ಆದೇಶವು, ಘಟನೆಯ ಬಳಿಕ ಆಯಾಸದಿಂದ ನಿದ್ದೆಹೋದೆನೆಂದು ಫಿರ್ಯಾದಿಯು ಹೇಳುವುದು ಭಾರತೀಯ ಸ್ತ್ರೀಗೆ ಒಪ್ಪುವಂಥದಲ್ಲ ಎಂದಿತು. ನಾಡಿನಾದ್ಯಂತ ಆಕ್ಷೇಪವೆದ್ದ ಮೇಲೆ, ಕೆಲವೇ ದಿನಗಳಲ್ಲಿ ಆ ಮಾತುಗಳನ್ನು ಅದೇ ಪೀಠವು ಆದೇಶದಿಂದ ತೆಗೆದುಹಾಕಿತು. ತಪ್ಪನ್ನು ತಿದ್ದಿಕೊಂಡದ್ದು ಗೌರವದ ಸಂಗತಿ. ಆದರೆ ಘೋರವಾದ ಆಘಾತದ ಬಳಿಕ ಅಳುವವರುಂಟು, ಮಾತು ಸತ್ತವರಂತೆ ಕುಳಿತುಬಿಡುವವರುಂಟು, ದಣಿದು ನಿದ್ದೆಹೋಗುವವರೂ ಉಂಟು ಎಂಬುದನ್ನು ನಾವು ಇನ್ನೂ ಕಲಿಯುತ್ತಿದ್ದೇವೆ. ಮರುವರ್ಷ, 2021ರ ಮಾರ್ಚಿನಲ್ಲಿ, ಇಂಥ ಪೂರ್ವಗ್ರಹದ ಮಾತುಗಳನ್ನು ಆದೇಶಗಳಲ್ಲಿ ಬರೆಯಬಾರದೆಂದು ಸರ್ವೋಚ್ಚ ನ್ಯಾಯಾಲಯವು ದೇಶದ ನ್ಯಾಯಾಲಯಗಳಿಗೆಲ್ಲ ಸೂಚನೆ ಕೊಟ್ಟಿತು.

2024ರ ಜುಲೈ 1ರಂದು ಸ್ಟೀಫನ್ನನ ಅಧಿನಿಯಮವು ತೆರೆಮರೆಗೆ ಸರಿದು, ಅದರ ಸ್ಥಾನದಲ್ಲಿ ಭಾರತೀಯ ಸಾಕ್ಷ್ಯ ಅಧಿನಿಯಮವೆಂದೇ ಕರೆಯಲ್ಪಡುವ ಹೊಸ ಶಾಸನವು ಜಾರಿಗೆ ಬಂದಿತು. ಹಳೆಯ 134ನೆಯ ಕಲಮು ಅದರಲ್ಲಿ 139ನೆಯದಾಗಿ ಕುಳಿತಿದೆ. ಸಂಖ್ಯೆ ಬದಲಾಗಿದೆ, ಮಾತು ಬದಲಾಗಿಲ್ಲ. ಬದಲಾಗುವ ಅಗತ್ಯವೂ ಅದಕ್ಕೆ ಇರಲಿಲ್ಲ. ಒಬ್ಬ ಸಾಕ್ಷಿಯ ಮಾತು ಸತ್ಯವಾಗಿದ್ದರೆ ಅದು ಸಾಕೆಂದು 1872ರಲ್ಲಿಯೇ ಅದು ಹೇಳಿತ್ತು. ಆ ಸಾಕ್ಷಿಯು ಹೆಣ್ಣಾಗಿರಬಹುದು, ಅವಳು ನುಡಿಯುವುದು ತನ್ನದೇ ನೋವನ್ನಾಗಿರಬಹುದು ಎಂದು ಅದರ ಅರ್ಥವನ್ನು ಓದಿಕೊಳ್ಳುವುದಕ್ಕೆ ನಮಗೆ ಒಂದು ಶತಮಾನಕ್ಕೂ ಹೆಚ್ಚು ಕಾಲ ಬೇಕಾಯಿತು.